ಹೊಳ್ಳಿ ನೋಡಿದ ಸಂಜೆ

ಆಗ ನಮ್ಮ ಓಣಿಯಲ್ಲಿ ಬಿಳಿ ಬಟ್ಟೆಯನ್ನು ಯಾರೂ ಹೊರಗೆ ಒಣಹಾಕುತ್ತಿರಲಿಲ್ಲ. ಮುರ್ಮುಗಾಂವ್ ಬಂದರಿಗೆ ಹೋಗುವ ಅದಿರಿನ ಧೂಳು ಗಾಳಿ ಬೀಸಿದತ್ತ ಹಾರಿ ಬಂದು ಕಿಟಕಿಯ ಸರಳು, ತುಳಸಿಯ ಎಲೆ, ನನ್ನ ಶಾಲೆಯ ಕಾಲುಚೀಲ ಎಲ್ಲವನ್ನೂ ಒಂದೇ ಕೆಂಪು ಮಾಡುತ್ತಿತ್ತು. ಆ ದಿನಗಳಲ್ಲಿ ವಾಸ್ಕೊದಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಂಜೆ ಕಾಲು ತೊಳೆದರೆ ಬಚ್ಚಲಿನ ನೀರು ಕುಂಕುಮ ಕದಡಿದಂತೆ ಹರಿಯುತ್ತಿತ್ತು.

ಅಪ್ಪನಿಗೆ ಬಂದರಿನ ಕಚೇರಿಯಲ್ಲಿ ನೌಕರಿ ಸಿಕ್ಕಿದ್ದರಿಂದ ಧಾರವಾಡ ಬಿಟ್ಟು ಬಂದ ನಾವು ಫಿಲು ಆಂಟಿಯ ಮನೆಯ ಅರ್ಧದಲ್ಲಿ ಬಾಡಿಗೆಗಿದ್ದೆವು. ಇನ್ನರ್ಧದಲ್ಲಿ ಆಂಟಿ ಮತ್ತು ಅವರ ಒಬ್ಬನೇ ಮಗ ಇನಾಸ್. ಚರ್ಚಿನ ಹಿಂದಿನ ಬಯಲಿನಲ್ಲಿ ಬರಿಗಾಲಲ್ಲಿ ಫುಟ್‌ಬಾಲ್ ಆಡಿ ಬೆಳೆದ ಅವನನ್ನು ಹತ್ತೊಂಬತ್ತನೆಯ ವಯಸ್ಸಿಗೇ ದೊಡ್ಡ ಕ್ಲಬ್ಬೊಂದು ಸಂಬಳ ಕೊಟ್ಟು ಕರೆದುಕೊಂಡಿತ್ತು. ನನಗೆ ಒಂಬತ್ತು ತುಂಬುವ ಹೊತ್ತಿಗೆ ಕಟಿಂಗ್ ಅಂಗಡಿಯ ಕನ್ನಡಿಯ ಮೇಲೂ, ಮೀನು ಪೇಟೆಯ ಗೋಡೆಯ ಮೇಲೂ ಅವನ ಚಿತ್ರವಿತ್ತು. ಓಣಿಯ ಕನ್ನಡದ ಹುಡುಗರೊಂದಿಗೆ ಆಡಿ ಬೆಳೆದವನಾದ್ದರಿಂದ ನಮ್ಮ ಮಾತನ್ನೇ ಕೊಂಕಣಿಯ ರಾಗದಲ್ಲಿ ಆಡುತ್ತಿದ್ದ. ಆಂಟಿಯೂ ಅದನ್ನು ಕಲಿತಿದ್ದರು.

ಬಿಡುವಿದ್ದ ದಿನ ಅವನು ಹಿತ್ತಲ ಗೋಡೆಗೆ ಚೆಂಡು ಹೊಡೆಯುತ್ತಿದ್ದ. ಸುಣ್ಣದ ಗೋಡೆಯ ಮೇಲೆ ಪ್ರತಿ ಹೊಡೆತಕ್ಕೂ ಒಂದು ಕೆಂಪು ಗುರುತು.

"ಸಣ್ಣಕ್ಕಾ, ಯಾವ್ದಕ್ಕ ಹೊಡೀಲಿ ಹೇಳು."

ನಾನು ಒಂದನ್ನು ಬೆರಳು ಮಾಡಿ ತೋರಿಸುತ್ತಿದ್ದೆ. ಚೆಂಡು ಸರಿಯಾಗಿ ಅದರ ಮೇಲೆಯೇ ಹೋಗಿ ಬೀಳುತ್ತಿತ್ತು. ಅಷ್ಟು ನಿಖರವಾದದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಪಂದ್ಯದ ಹಿಂದಿನ ಸಂಜೆ ನನ್ನ ಅಜ್ಜಿ ಅವನ ದೃಷ್ಟಿ ತೆಗೆಯುತ್ತಿದ್ದಳು. ಆಂಟಿಯ ಕಡೆಯವರಲ್ಲೂ ಆ ಪದ್ಧತಿಯಿತ್ತು. ಆದರೆ ಒಮ್ಮೆ ಅಜ್ಜಿ ತೆಗೆದ ಮರುದಿನವೇ ಇನಾಸ್ ಎರಡು ಗೋಲು ಹೊಡೆದ ಮೇಲೆ ಆ ಕೆಲಸ ಅಜ್ಜಿಗೇ ಕಾಯಂ ಆಯಿತು.

"ಮೇಣಬತ್ತಿ ನಾ ಹಚ್ತೇನಿ ಅಜ್ಜಿ, ಮೆಣಸಿನಕಾಯಿ ನೀವು ನೋಡ್ಕೋರಿ" ಎನ್ನುತ್ತಿದ್ದರು ಆಂಟಿ.

ಅಜ್ಜಿ ಇನಾಸ್‌ನ ಭುಜ ಒತ್ತಿ ಕೂರಿಸುತ್ತಿದ್ದಳು. "ಕುಂದ್ರೋ. ತೆಂಗಿನ ಗಿಡದಂಗ ಬೆಳದೀದಿ, ನನ್ನ ಕೈ ನಿಲುಕಬೇಕಲ್ಲ."

"ಅದ್ರಾಗ ನನ್ನ ಕೂದಲಾ ಹಾಕಬ್ಯಾಡ್ರಿ ಅಜ್ಜಿ. ಮೊದ್ಲ ಉದುರಾಕತ್ತಾವ."

ಧಾರವಾಡದಲ್ಲಾಗಿದ್ದರೆ ದೃಷ್ಟಿ ತೆಗೆದ ಉಪ್ಪು, ಸಾಸಿವೆ, ಒಣಮೆಣಸಿನಕಾಯಿಯನ್ನು ಒಲೆಯ ಕೆಂಡಕ್ಕೆ ಸುರಿಯುತ್ತಿದ್ದರು. ಇಲ್ಲಿ ಗ್ಯಾಸಿನ ಒಲೆ. ಹೀಗಾಗಿ ಕಾಗದದಲ್ಲಿ ಕಟ್ಟಿ ಮೂರು ದಾರಿ ಕೂಡುವಲ್ಲಿ ಎಸೆದು ಬರಬೇಕಿತ್ತು. ಅಜ್ಜಿಗೆ ಮೊಣಕಾಲು ನೋವು, ಆದ್ದರಿಂದ ಹೋಗುತ್ತಿದ್ದವಳು ನಾನು. ದಾರಿಯಲ್ಲಿ ಯಾರೊಂದಿಗೂ ಮಾತಾಡಬಾರದು. ಒಗೆದ ಮೇಲೆ ಹಿಂದಕ್ಕೆ ಹೊಳ್ಳಿ ನೋಡಬಾರದು. ಕಾಲು ತೊಳೆದೇ ಒಳಗೆ ಬರಬೇಕು. ಎರಡು ವರ್ಷ ನಾನು ಒಮ್ಮೆಯೂ ತಪ್ಪಿರಲಿಲ್ಲ.

ಆ ಡಿಸೆಂಬರಿನಲ್ಲಿ ಆಂಟಿಯ ಅಡುಗೆಮನೆಯಿಂದ ಇಡೀ ದಿನ ಕಾದ ಎಣ್ಣೆ ಮತ್ತು ಹುರಿದ ಕೊಬ್ಬರಿಯ ವಾಸನೆ ಬರುತ್ತಿತ್ತು. ಭಾನುವಾರ ಮಡಗಾಂವಿನ ಪಂದ್ಯಕ್ಕೆ ದೇಶದ ತಂಡಕ್ಕೆ ಆಟಗಾರರನ್ನು ಆರಿಸುವವರು ಬರುವವರಿದ್ದರು. ಬರುವುದೇ ಇನಾಸ್‌ನನ್ನು ನೋಡಲಿಕ್ಕೆ ಎಂದು ಓಣಿಗೆಲ್ಲ ಗೊತ್ತಿತ್ತು.

ಶನಿವಾರ ದೀಪ ಹಚ್ಚುವ ಹೊತ್ತಿಗೆ ನಾನು ಪೊಟ್ಟಣ ಹಿಡಿದು ಹೊರಟೆ. ಕೂಡುದಾರಿಯಲ್ಲಿ ಅಂದು ಯಾರೂ ಇರಲಿಲ್ಲ. ಯಾವಾಗಲೂ ಕಂಬದ ಕೆಳಗೆ ಮಲಗಿರುತ್ತಿದ್ದ ನಾಯಿಯೂ ಇರಲಿಲ್ಲ. ಒಗೆದೆ, ತಿರುಗಿದೆ, ಮನೆಯ ಕಡೆ ನಡೆದೆ. ಹತ್ತು ಹೆಜ್ಜೆ ನಡೆದಿರಬಹುದು.

"ಸುಮ್ಮೀ."

ನನ್ನನ್ನು ಸುಮ್ಮಿ ಎಂದು ಕರೆಯುತ್ತಿದ್ದವಳು ಅಜ್ಜಿ ಒಬ್ಬಳೇ. ದನಿಯೂ ಅಜ್ಜಿಯದೇ, ಊಟಕ್ಕೆ ಕರೆಯುವಾಗಿನ ದನಿ. ಆದರೆ ಮನೆ ನನ್ನ ಮುಂದಿತ್ತು. ದನಿ ಹಿಂದಿನಿಂದ ಬಂದಿತ್ತು.

ನಾನು ತಿರುಗಿ ನೋಡಿದೆ.

ಖಾಲಿ ದಾರಿ. ಲಾರಿ ಹೋದ ಮೇಲೆ ಇಳಿಯುವಂತೆ ಕೆಂಪು ಧೂಳು ಮೆಲ್ಲಗೆ ಇಳಿಯುತ್ತಿತ್ತು. ಯಾವ ಲಾರಿಯೂ ಹೋಗಿರಲಿಲ್ಲ.

ಅಜ್ಜಿ ಮೆಟ್ಟಿಲ ಮೇಲೆ ನೀರಿನ ತಂಬಿಗೆ ಇಟ್ಟುಕೊಂಡು ಕೂತಿದ್ದಳು.

"ಅಜ್ಜಿ, ನೀ ಕರದೇನ?"

"ನಾ ಯಾಕ ಕರೀಲಿ?" ಅವಳು ನನ್ನ ಮುಖವನ್ನೇ ನೋಡಿದಳು. "ಹೊಳ್ಳಿ ನೋಡಿದೇನ?"

"ಇಲ್ಲ."

"ಖರೇ ಹೇಳು. ನೋಡಿದ್ರ ಮತ್ತೊಮ್ಮೆ ತಗದರಾತು, ಅದ್ರಾಗೇನೈತಿ."

"ಖರೇನ, ನೋಡಿಲ್ಲ."

ಏಕೆ ಸುಳ್ಳು ಹೇಳಿದೆನೋ ಇಂದಿಗೂ ತಿಳಿಯದು. ಎರಡು ವರ್ಷ ತಪ್ಪದವಳು ಎಂಬ ಹೆಸರನ್ನು ಕಳೆದುಕೊಳ್ಳಲು ಮನಸ್ಸಿರಲಿಲ್ಲ, ಅಷ್ಟೇ ಇರಬೇಕು. ಅಜ್ಜಿ ನನ್ನ ಕಾಲಿಗೆ ನೀರು ಸುರಿದಳು.

ಮರುದಿನ ಅಪ್ಪ ಓಣಿಯವರೊಂದಿಗೆ ಪಂದ್ಯಕ್ಕೆ ಹೋದರು. ಮಗನ ಆಟ ನೋಡುವ ಧೈರ್ಯ ಆಂಟಿಗೆ ಎಂದೂ ಇರಲಿಲ್ಲ. ಪಂದ್ಯ ಮುಗಿಯುವವರೆಗೆ ಮನೆಯ ಶಿಲುಬೆಯ ಮುಂದೆ ಮೊಣಕಾಲೂರಿ ಕೂರುತ್ತಿದ್ದರು. ಅಂದು ನಾನು ಅವರ ಹೊಸ್ತಿಲಲ್ಲೇ ಕೂತಿದ್ದೆ, ಒಮ್ಮೆಯೂ ಏಳಲಿಲ್ಲ. ಅವರ ತುಟಿಗಳು ಆಡುತ್ತಿದ್ದವು, ಸದ್ದಿರಲಿಲ್ಲ. ಮೇಣಬತ್ತಿ ಚಟ್ ಎಂದದ್ದು ಬಿಟ್ಟರೆ ಆ ಮನೆಯಲ್ಲಿ ಯಾವ ಸದ್ದೂ ಆಗಲಿಲ್ಲ.

ಅಪ್ಪ ಹೊತ್ತಿಗೆ ಮುಂಚೆಯೇ ಬಂದರು. ಚಪ್ಪಲಿ ಬಿಡದೆ ಅಂಗಳದಲ್ಲೇ ನಿಂತು ಅಜ್ಜಿಗೆ ಹೇಳಿದರು: "ಯಾರೂ ಮುಟ್ಟಿಲ್ಲವ್ವಾ. ಹತ್ರ ಒಬ್ಬನೂ ಇರಲಿಲ್ಲ. ಚೆಂಡ ತಗೊಂಡು ಒಬ್ನ ಓಡಾಕತ್ತಿದ್ದ. ಒಮ್ಮಿಗಲೇ ಹೊಳ್ಳಿದ, ಬಿದ್ದ. ಮೊಣಕಾಲ ಮುರದ ಸಪ್ಪಳ ನಮಗ ಕೇಳಿಸ್ತು."

ಅಜ್ಜಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಎರಡು ಶಸ್ತ್ರಚಿಕಿತ್ಸೆಗಳಾದವು. ಇನಾಸ್ ಮತ್ತೆ ದೊಡ್ಡ ಮೈದಾನಕ್ಕೆ ಇಳಿಯಲಿಲ್ಲ. ಕಟಿಂಗ್ ಅಂಗಡಿಯ ಕನ್ನಡಿಯ ಮೇಲೆ ಬೇರೊಬ್ಬನ ಚಿತ್ರ ಬಂತು. ಮಳೆ ಬಂದು ಹಿತ್ತಲ ಗೋಡೆ ತೊಳೆಯಿತು. ಅದರ ಮುಂದಿನ ವರ್ಷ ಅಪ್ಪನ ನೌಕರಿ ಬದಲಾಗಿ ನಾವು ಧಾರವಾಡಕ್ಕೆ ಮರಳಿದೆವು. ಅಜ್ಜಿ ತೀರಿಕೊಂಡದ್ದು ಅಲ್ಲಿ. ಕೊನೆಯವರೆಗೂ ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಗಣಿಗಳು ಮುಚ್ಚಿ ಅದಿರಿನ ಲಾರಿಗಳು ನಿಂತ ವರ್ಷ, ಎಂ.ಎ. ಮುಗಿಸಿ, ಒಬ್ಬಳೇ ವಾಸ್ಕೊಗೆ ಹೋಗಿದ್ದೆ. ತಂತಿಯ ಮೇಲೆ ಬಿಳಿ ಬಟ್ಟೆಗಳಿದ್ದವು. ಹಿತ್ತಲ ಗೋಡೆ ಬೆಳ್ಳಗಿತ್ತು. ಆಂಟಿ ನನ್ನನ್ನು ಗುರುತಿಸಿ ಕೆನ್ನೆ ಹಿಡಿದರು. ಚರ್ಚಿನ ಶಾಲೆಯ ಮಕ್ಕಳಿಗೆ ಆಟ ಕಲಿಸುತ್ತಿದ್ದ ಇನಾಸ್ ಕುಂಟುತ್ತ ಬಂದು ಎದುರು ಕೂತ. ತಲೆ ನಿಜಕ್ಕೂ ಬೋಳಾಗಿತ್ತು.

ಹೇಳಿಬಿಡಬೇಕೆಂದೇ ಹೋಗಿದ್ದೆ. ಬಾಯಿಂದ ಬಂದದ್ದು ಮಾತ್ರ, "ಅವತ್ತು ಏನಾತು ಅಣ್ಣಾ?"

ಅವನು ಮೊಣಕಾಲು ನೀವಿಕೊಂಡ. "ಯಾರಿಗೆ ಹೇಳಿದ್ರೂ ನಗ್ತಾರ ಸಣ್ಣಕ್ಕಾ. ಹಿಂದಿಂದ ಅಮ್ಮಾ ಕರದ್ಲು. ಅಷ್ಟ ಮಂದಿ ಒದರಾಕತ್ತಿದ್ರು, ಅದ್ರಾಗ ಅಕೀ ದನಿ ಬ್ಯಾರೇನ ಕೇಳಿಸ್ತು. ಊಟಕ್ಕ ಕರದಂಗ. ಅಕೀ ಎಂದೂ ಮೈದಾನಕ್ಕ ಬಂದಾಕಿ ಅಲ್ಲ. ಹೆಂಗ ಬಂದ್ಲು ಅಂತ ಹೊಳ್ಳಿ ನೋಡಿದೆ."

"ನಾ ಮನ್ಯಾಗ ಇದ್ದೆ" ಎಂದರು ಆಂಟಿ ಒಳಗಿನಿಂದ ಬಾಗಿಲಿಗೆ ಬಂದು, ಬಹಳ ಸಲ ಹೇಳಿ ದಣಿದವರಂತೆ. "ನಾ ಕರದಿಲ್ಲ. ಸುಮ್ನ ಕುಂತಿದ್ದೆ, ಈಕಿನ್ನ ಕೇಳು, ಇಲ್ಲೇ ಇದ್ಲಲ್ಲ."

ಇಬ್ಬರೂ ನನ್ನತ್ತ ನೋಡಿದರು.

"ಹೌದು, ಅವರು ಕರೀಲಿಲ್ಲ" ಎಂದೆ. ನಾನು ಹೇಳಬಹುದಾದ ನಿಜ ಅಷ್ಟೇ ಆಗಿತ್ತು.

ಸಂಜೆ ಬಸ್ಸಿಗೆ ಹೋಗುವಾಗ ಆ ಕೂಡುದಾರಿಯನ್ನೇ ದಾಟಬೇಕಿತ್ತು. ಧೂಳಿರಲಿಲ್ಲ. ದಾರಿಯ ಮೇಲೆ ಯಾರಾದರೂ ಒಗೆದ ಮೆಣಸಿನಕಾಯಿಯೂ ಇರಲಿಲ್ಲ. ಸುಮ್ಮಿ ಎಂದು ಕರೆಯುವವರು ಈಗ ಯಾರೂ ಇಲ್ಲ. ಬೇಕೆಂದೇ ನಿಧಾನವಾಗಿ ನಡೆದೆ, ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ. ಕರೆದಿದ್ದರೆ ಈ ಸಲವೂ ಹೊಳ್ಳಿ ನೋಡುತ್ತಿದ್ದೆ. ಯಾರೂ ಕರೆಯಲಿಲ್ಲ.