ಚೀಲದಲ್ಲಿ ಉಳಿದ ಹಸಿರು ಗುಂಡಿ

ಪರದೆಯಕ್ಕನ ಮುಖ ನೋಡಿದವರು ಊರಲ್ಲಿ ಕಡಿಮೆ. ಅವಳ ಕೈಕೆಲಸ ನೋಡದವರು ಇನ್ನೂ ಕಡಿಮೆ. ಆಸ್ಪತ್ರೆಯಲ್ಲಿ ಮಂಚ ಮಂಚದ ನಡುವೆ ಎಳೆಯುವ ಪರದೆ ಅವಳು ಹೊಲಿದದ್ದು. ಶಾಲೆಯ ವೇದಿಕೆಯ ಕೆಂಪು ಪರದೆ ಅವಳದು. ಹೊಸ ಮನೆ ಕಟ್ಟಿಸಿದವರು ಎದುರು ಮನೆಯ ಕಣ್ಣು ತಪ್ಪಿಸಲು ಇಳಿಬಿಡುವ ಪರದೆಯೂ ಅವಳದೇ. ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊಲಿಗೆ ಮಷೀನಿನ ಮುಂದೆ ಕೂತು ಬೆಳಗಿನಿಂದ ಸಂಜೆಯವರೆಗೆ ಊರವರ ಕಿಟಕಿಗಳಿಗೆ ಬಟ್ಟೆ ಹೊಲಿಯುವುದು ಅವಳ ಕೆಲಸ. ಆ ಕೋಣೆಗೂ ಒಂದು ಕಿಟಕಿ ಇತ್ತಂತೆ. ಬಟ್ಟೆಯ ಥಾನುಗಳನ್ನು ಒಟ್ಟಿ ಒಟ್ಟಿ, ಅದು ಯಾವ ಗೋಡೆಯಲ್ಲಿತ್ತು ಎಂಬುದು ಈಗ ಅಂಗಡಿಯ ಮಾಲೀಕನಿಗೇ ನೆನಪಿಲ್ಲ.

ಸಂಜೆ ಮನೆಗೆ ಬಂದರೆ ಅಲ್ಲಿ ಅತ್ತೆ. ಅವಳ ಗಂಡ ತೀರಿಕೊಂಡಾಗ ಅತ್ತೆ ತಲೆ ನೇವರಿಸಿ, "ಎಲ್ಲಿಗೆ ಹೋಗ್ತೀಯ, ಇಲ್ಲೇ ಇರು" ಅಂದಿದ್ದರು. ಆವತ್ತು ಆ ಮಾತು ಕೊಡೆ ಹಿಡಿದ ಹಾಗಿತ್ತು. ವರ್ಷಗಳು ಕಳೆದವು, ಕೊಡೆ ಮಡಚಲೇ ಇಲ್ಲ. ಮನೆಯಲ್ಲಿ ಇದ್ದದ್ದು ಅತ್ತೆಯ ಕೋಣೆ, ಅಡುಗೆಮನೆ, ಅವೆರಡರ ನಡುವೆ ಒಂದು ಓಣಿಯಂಥ ಜಾಗ. ಪರದೆಯಕ್ಕನ ಮಂಚ ಆ ಓಣಿಯಲ್ಲಿ. ನೀರು ಕುಡಿಯಬೇಕೆಂದರೂ ಅತ್ತೆ ಅವಳ ಮಂಚ ದಾಟಿಕೊಂಡೇ ಹೋಗಬೇಕು, ದಾಟುವಾಗ ಒಂದು ಮಾತು ಹೇಳಿಯೇ ಹೋಗಬೇಕು. ಊರಿಗೆಲ್ಲ ಪರದೆ ಹೊಲಿದವಳ ಮಂಚಕ್ಕೆ ಪರದೆ ಇರಲಿಲ್ಲ. ಒಮ್ಮೆ ಕಟ್ಟಿದ್ದಳು. "ಒಳಗೇನೇ ಮಾಡ್ತಿದೀಯ?" ಎಂದು ಅತ್ತೆ ಮತ್ತೆ ಮತ್ತೆ ಕೇಳಿದ್ದಕ್ಕೆ ಅವಳೇ ಬಿಚ್ಚಿಟ್ಟಳು.

ಅತ್ತೆ ಕೆಟ್ಟವರೆಂದು ಹೇಳುವಂತಿಲ್ಲ. ಸೊಸೆಗೆ ಜ್ವರ ಬಂದರೆ ತಲೆದಿಂಬಿನ ಹತ್ತಿರದಿಂದ ಏಳುತ್ತಿರಲಿಲ್ಲ. ಜ್ವರ ಬಿಟ್ಟ ಮೇಲೂ ಏಳುತ್ತಿರಲಿಲ್ಲ, ಅಷ್ಟೇ. ಚರ್ಚಿನ ಸ್ತ್ರೀಯರ ಕೂಟಕ್ಕೆ ಅವರೇ ಅಧ್ಯಕ್ಷೆ. ಹಾಲು ಹಾಕುವವನೂ ಅವರನ್ನು ಅಧ್ಯಕ್ಷೆಯಮ್ಮ ಎಂದೇ ಕರೆಯುತ್ತಿದ್ದ.

ಈ ಕೂಟದಲ್ಲಿ ಒಂದು ಪದ್ಧತಿ. ಹಿಂದೆ ಇದನ್ನು ಕಟ್ಟಿದ ಹೆಂಗಸರಲ್ಲಿ ಹಲವರಿಗೆ ಓದು ಬರಹ ಇರಲಿಲ್ಲ. ಹಾಗಾಗಿ ಕೂಟ ಸೇರುವಾಗ ಒಬ್ಬೊಬ್ಬಳೂ ಅಂಗಿಗೆ ಹಾಕುವ ಗುಂಡಿಗಳಲ್ಲಿ ತನಗಿಷ್ಟವಾದ ಒಂದು ಜೋಡಿಯನ್ನು ತರಬೇಕು. ಒಂದನ್ನು ಕೂಟದ ಬಾವುಟಕ್ಕೆ ಹೊಲಿಯುತ್ತಾರೆ. ಇನ್ನೊಂದು ಬಟ್ಟೆಯ ಚೀಲಕ್ಕೆ ಬೀಳುತ್ತದೆ. ಬೇಕರಿಯವಳದು ಬಿಸ್ಕತ್ತಿನ ಬಣ್ಣದ್ದು, ಪಾಸ್ಟರಮ್ಮನದು ಮುತ್ತಿನಂಥದ್ದು, ನಿವೃತ್ತಿಯಾದ ನರ್ಸಮ್ಮನದು ಬಿಳಿ, ಪರದೆಯಕ್ಕನದು ಎಳೆ ಹಸಿರು. ವರ್ಷದ ಮೊದಲ ಸಭೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿ ಚೀಲದಿಂದ ಒಂದೊಂದು ಗುಂಡಿ ತೆಗೆಯುತ್ತಾರೆ. ಯಾರ ಗುಂಡಿ ಸಿಕ್ಕಿತೋ ಅವಳೇ ಆ ವರ್ಷದ ಗುಟ್ಟಿನ ಗೆಳತಿ. ಅವಳಿಗಾಗಿ ದಿನಾ ಪ್ರಾರ್ಥಿಸಬೇಕು. ತಿಂಗಳಿಗೊಮ್ಮೆ ಕಂದು ಕಾಗದದಲ್ಲಿ ಸುತ್ತಿದ ಉಡುಗೊರೆಯನ್ನು ಯಾರೂ ನೋಡದಂತೆ ಸಭೆಯ ಮೇಜಿನ ಮೇಲೆ ಇಡಬೇಕು. ವರ್ಷದ ಕೊನೆಗೆ, ವಾರ್ಷಿಕೋತ್ಸವದ ದಿನ, ಎಲ್ಲರೆದುರು ಹೋಗಿ ಗುಂಡಿಯನ್ನು ಅವಳ ಅಂಗೈಯಲ್ಲಿಟ್ಟು ಅಪ್ಪಿಕೊಳ್ಳಬೇಕು. ಯಾರಿಗಾದರೂ ತನ್ನದೇ ಗುಂಡಿ ಸಿಕ್ಕರೆ ತಕ್ಷಣ ಹೇಳಿಬಿಡಬೇಕು. ಆಗ ಎಲ್ಲ ಗುಂಡಿಗಳೂ ಮರಳಿ ಚೀಲಕ್ಕೆ, ಎಲ್ಲರೂ ಮತ್ತೆ ಮೊದಲಿನಿಂದ.

ಆ ವರ್ಷ ಹೀಗಾಯಿತು. ಮೊದಲ ಸುತ್ತಿನಲ್ಲಿ ನರ್ಸಮ್ಮನಿಗೆ ಅವರದೇ ಬಿಳಿ ಗುಂಡಿ ಬಂತು. ಎಲ್ಲ ಮರಳಿ ಚೀಲಕ್ಕೆ. ಎರಡನೆಯ ಸುತ್ತಿನಲ್ಲಿ ಬೇಕರಿಯವಳು ಗುಂಡಿ ಎತ್ತಿ ಹಿಡಿದು, "ನನ್ನನ್ನ ನಾನೇ ಪ್ರೀತಿಸ್ಬೇಕಂತೆ, ದೇವರ ಚಿತ್ತ" ಅಂದಳು. ಹೆಂಗಸರು ನಕ್ಕರು. ಚೀಲ ಹಿಡಿದಿದ್ದ ಅಧ್ಯಕ್ಷೆಯಮ್ಮ ನಗಲಿಲ್ಲ. ಚಹಾ ಆರಿ ತಣ್ಣಗಾಗಿತ್ತು, ಅವರ ಮಂಡಿ ನೋಯುತ್ತಿತ್ತು.

"ಇನ್ನೊಂದು ಸಲ ಯಾರಿಗಾದ್ರೂ ಅವರದೇ ಬಂದ್ರೆ, ಈ ಚೀಲ ತಗೊಂಡು ನಾನು ಮನೆಗೆ ಹೋಗ್ತೀನಿ" ಅಂದರು.

ಮೂರನೆಯ ಸುತ್ತು. ಎಲ್ಲರೂ ತೆಗೆದರು, ಎಲ್ಲರೂ ಸುಮ್ಮನೆ ಸೆರಗಿನಲ್ಲಿ ಮುಚ್ಚಿಕೊಂಡರು. ಲೋಟ ತೊಳೆಯುತ್ತಿದ್ದ ಪರದೆಯಕ್ಕ ಎಂದಿನಂತೆ ಕೊನೆಗೆ ಬಂದಳು. ಚೀಲದಲ್ಲಿ ಉಳಿದಿದ್ದದ್ದು ಒಂದೇ. ಒದ್ದೆ ಕೈಯಲ್ಲಿ ಅದನ್ನು ಹಿಡಿದು, ಅಂಗೈ ಸ್ವಲ್ಪವೇ ತೆರೆದು ನೋಡಿದಳು. ಎಳೆ ಹಸಿರು.

"ಸರಿ ಇದೆ ತಾನೆ?" ಎಂದರು ಅತ್ತೆ.

ಅವಳು ಆ ಮನೆಗೆ ಬಂದಾಗಿನಿಂದ ಆ ಪ್ರಶ್ನೆಗೆ ಕೊಟ್ಟಿದ್ದು ಒಂದೇ ಉತ್ತರ. ನಾಲಗೆ ತಾನಾಗಿ ಅದನ್ನೇ ಹೇಳಿತು. "ಸರಿ ಇದೆ ಅತ್ತೆ."

ಅಲ್ಲಿಗೆ ಮುಗಿಯಿತು. ನಾಳೆ ಹೇಳೋಣ ಅಂದುಕೊಂಡಳು; ನಾಳೆ ಹೇಳಿದರೆ ನಿನ್ನೆ ಯಾಕೆ ಸುಳ್ಳು ಹೇಳಿದೆ ಅನ್ನುತ್ತಾರೆ. ಮುಂದಿನ ವಾರ ಅಂದುಕೊಂಡಳು; ಅಷ್ಟರಲ್ಲಿ ಸುಳ್ಳಿಗೆ ಇನ್ನೊಂದು ವಾರ ವಯಸ್ಸಾಗಿತ್ತು. ಮೊದಲ ಉಡುಗೊರೆಯ ದಿನ ಬಂದೇ ಬಿಟ್ಟಿತು. ಬೆಳಿಗ್ಗೆ ಅತ್ತೆಯೇ ಅವಳ ಕೈಗೆ ದುಡ್ಡು ಕೊಟ್ಟು, "ನಿನ್ನ ಗೆಳತಿಗೆ ಚೆನ್ನಾಗಿರೋದು ತಗೋ. ಅಧ್ಯಕ್ಷೆ ಸೊಸೆ ಕೈ ಬಿಗಿ ಅಂತ ನಾಲ್ಕು ಜನ ಆಡ್ಕೋಬಾರ್ದು" ಅಂದರು. ಪರದೆಯಕ್ಕ ಪೇಟೆಯ ಅಂಗಡಿಯಲ್ಲಿ ಬಹಳ ಹೊತ್ತು ನಿಂತಳು. ತನಗೇನು ಬೇಕು ಎಂದು ಯೋಚಿಸಿ ಅಭ್ಯಾಸವಿಲ್ಲದವಳಿಗೆ ಅದು ಪರೀಕ್ಷೆಗೆ ಕೂತ ಹಾಗಾಯಿತು. ಕೊನೆಗೆ ಒಂದು ಪರಿಮಳದ ಸೋಪು ತೆಗೆದುಕೊಂಡಳು. ಸಭೆಯಲ್ಲಿ ಅದನ್ನು ಬಿಚ್ಚಿ, ಆಶ್ಚರ್ಯದ ಮುಖ ಮಾಡಿದಳು. ಮನೆಗೆ ಬಂದ ಮೇಲೆ ಅತ್ತೆ ಸೋಪನ್ನು ಮೂಸಿ, "ಬಂದವರಿಗೆ ಇರಲಿ" ಎಂದು ತಮ್ಮ ಕಪಾಟಿನಲ್ಲಿಟ್ಟರು.

ಪ್ರಾರ್ಥನೆಯದು ಇನ್ನೊಂದು ಪೇಚು. ಗಂಡನ ಆತ್ಮಕ್ಕಾಗಿ, ಅತ್ತೆಯ ಮಂಡಿಗಾಗಿ, ಮಾಲೀಕನ ಮಗಳ ಪರೀಕ್ಷೆಗಾಗಿ ಅವಳು ಬೇಡುತ್ತಿದ್ದಳು. ತನಗಾಗಿ ಬೇಡುವುದು ಸಭ್ಯತೆ ಅನಿಸಿರಲಿಲ್ಲ. ಆದರೆ ಗುಂಡಿ ತೆಗೆದ ಮೇಲೆ ಬಿಡುವಂತಿಲ್ಲವಲ್ಲ. ಓಣಿಯ ಮಂಚದ ಪಕ್ಕ ಮೊಣಕಾಲೂರಿ, ಬೇರೆ ಯಾರದೋ ವಿಷಯ ಹೇಳುವ ಹಾಗೆ ಪಿಸುಗುಟ್ಟಿದಳು: "ಕರ್ತನೇ, ಆ ಹಸಿರು ಗುಂಡಿಯವಳನ್ನ ಸ್ವಲ್ಪ ನೋಡ್ಕೋ. ಪಾಪ, ಅವಳಿಗೆ ಬೆನ್ನು ನೋವು." ಹೇಳಿದ ಮೇಲೆ ಬೆನ್ನು ನೋಯುತ್ತಿರುವುದು ಗೊತ್ತಾಯಿತು. ದಿನಾ ಹೀಗೆ ಆ ಹೆಂಗಸಿನ ಪರವಾಗಿ ಕೇಳುತ್ತಾ ಕೇಳುತ್ತಾ, ಅವಳಿಗೆ ಏನೇನು ಇಲ್ಲ ಎಂಬುದು ಒಂದೊಂದಾಗಿ ತಿಳಿಯುತ್ತಾ ಹೋಯಿತು. ಇದೊಂದೂ ತಿಳಿಯದಿದ್ದಾಗಲೇ ಚೆನ್ನಾಗಿತ್ತು ಅಂತಲೂ ಅನಿಸುತ್ತಿತ್ತು.

ಬೆನ್ನಿಗೆಂದು ಹೊಲಿಗೆ ಕುರ್ಚಿಯ ಮೇಲೆ ಹಾಕುವ ಮೆತ್ತೆ ತಂದಳು. ಅದು ಅತ್ತೆಯ ಕುರ್ಚಿ ಸೇರಿತು. ಮೆತ್ತನೆಯ ಚಪ್ಪಲಿ ತಂದಳು. ಬೇಕೆಂದೇ ಚಿಕ್ಕ ಅಳತೆಯದು, ಅತ್ತೆಯ ಪಾದಕ್ಕೆ ಆಗಬಾರದು ಅಂತ. ಅತ್ತೆ ಹಿಮ್ಮಡಿ ಹೊರಗೆ ಬಿಟ್ಟುಕೊಂಡೇ ಅದನ್ನು ಮೆಟ್ಟಿ ಓಡಾಡಿದರು. "ನೀನು ಇಡೀ ದಿನ ಕೂತೇ ಇರ್ತೀಯಲ್ಲ, ನಿಂಗ್ಯಾಕಮ್ಮ ಚಪ್ಪಲಿ" ಅಂದರು. ಕೂಟದಲ್ಲಿ ಮಾತ್ರ ಹೆಂಗಸರಿಗೆ ಹೊಟ್ಟೆಕಿಚ್ಚು. "ನಿನ್ನ ಗೆಳತಿ ಯಾರೋ ಪುಣ್ಯಾತ್ಗಿತ್ತಿ ಕಣೇ" ಎಂದಳು ಬೇಕರಿಯವಳು. "ನಿನ್ನ ಮನಸ್ಸೊಳಗೆ ಹೊಕ್ಕು ನೋಡ್ದಂಗೆ ಕೊಡ್ತಾಳೆ. ನನಗೆ ನೋಡು, ಮತ್ತೆ ಮತ್ತೆ ಕರವಸ್ತ್ರ. ನಾನೇನು ಅಷ್ಟು ಅಳ್ತೀನಾ?"

ಆಮೇಲೊಂದು ತಿಂಗಳು ಪರದೆಯಕ್ಕ ಯೋಚನೆ ಮಾಡಿ ತಂದದ್ದು ಒಂದು ಬೀಗ. ಮಂಚದ ಕೆಳಗಿನ ತಗಡಿನ ಪೆಟ್ಟಿಗೆಗೆ ಸರಿಹೋಗುವಂಥ ಪುಟ್ಟ ಬೀಗ, ಎರಡು ಕೀಲಿ. ಸಭೆಯಲ್ಲಿ ಕಾಗದ ಬಿಚ್ಚಿದಾಗ ಹೆಂಗಸರೆಲ್ಲ ಕತ್ತು ಚಾಚಿ ನೋಡಿದರು. ಬೇಕರಿಯವಳಿಗೆ ತಡೆಯಲಿಲ್ಲ. "ಮುಂದಿನ ತಿಂಗಳು ಬಾಗಿಲೇ ಬರುತ್ತೇನೋ" ಅಂದಳು. ಎಲ್ಲರೂ ನಕ್ಕರು. ಅಧ್ಯಕ್ಷೆಯಮ್ಮನ ಮುಖ ಕಪ್ಪಿಟ್ಟಿತು.

ಮನೆಗೆ ಬಂದ ಮೇಲೆ ಕುರ್ಚಿಯಲ್ಲಿ, ಆ ಮೆತ್ತೆಯ ಮೇಲೆ ಕೂತು, "ಬೀಗ ಕೊಡೋಳು ಗೆಳತಿಯಾ?" ಎಂದರು. "ಮನೆಮುರುಕಿ. ಈ ಮನೇಲಿ ನೀನು ಯಾರಿಗೆ ಹೆದರಿ ಬೀಗ ಹಾಕ್ಕೋಬೇಕು? ನಾನೇನು ಕಳ್ಳಿಯಾ?"

"ಇಲ್ಲ ಅತ್ತೆ."

"ಆ ಬೇಕರಿಯವಳದೇ ಕೆಲಸ. ಅವಳ ನಗು ನೋಡಿದ್ರೇ ಗೊತ್ತಾಗಲ್ವಾ. ಇರಲಿ, ವಾರ್ಷಿಕೋತ್ಸವದ ದಿನ ಗುಂಡಿ ತಗೊಂಡು ನಿನ್ನ ಮುಂದೆ ಬರ್ತಾಳಲ್ಲ, ಆಗ ನಾಲ್ಕು ಜನರ ಮುಂದೆ ಕೇಳ್ತೀನಿ."

"ಅವಳಲ್ಲ ಅತ್ತೆ" ಎಂದಳು ಪರದೆಯಕ್ಕ.

"ನಿಂಗೆ ಹೇಗೆ ಗೊತ್ತು?"

ಅವಳಲ್ಲ ಎನ್ನಬೇಕಾದರೆ ಯಾರು ಎನ್ನಬೇಕು. ಯಾರು ಎಂದರೆ, ಈ ಮನೆಯಲ್ಲಿ ಬೀಗ ಬೇಕೆನಿಸಿದ್ದು ಯಾರಿಗೆ ಎಂದೂ ಹೇಳಬೇಕು. ಎದ್ದು ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆದಳು. ಬೀಗವನ್ನು ಮಾತ್ರ ಅತ್ತೆ ಮುಟ್ಟಲಿಲ್ಲ. ಮುಟ್ಟಿದರೆ ಕಳ್ಳಿ ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು. ಅದು ಪೆಟ್ಟಿಗೆಗೆ ಬಿತ್ತು. ಮುಂದಿನ ತಿಂಗಳು ಪರದೆಯಕ್ಕ ಹೆದರಿ ಮತ್ತೆ ಸೋಪು ತಂದಳು. ಆ ಸೋಪು ಪೆಟ್ಟಿಗೆಯೊಳಗೆ ಹೋಯಿತು. ಪೆಟ್ಟಿಗೆಯಲ್ಲಿ ಬೀಗ ಹಾಕುವಂಥದ್ದು ಅದೊಂದೇ.

ಬೇಕರಿಯವಳಿಗೆ ಏನಾಗುತ್ತಿದೆ ಎಂದು ಮೊದಲು ತಿಳಿಯಲಿಲ್ಲ. ಅಧ್ಯಕ್ಷೆಯಮ್ಮ ಅವಳ ನಮಸ್ಕಾರಕ್ಕೆ ಗೋಡೆಯ ಕಡೆ ನೋಡಿದರು. ಹಾಡಿನ ಗುಂಪಿನಲ್ಲಿ ಮುಂದಿದ್ದವಳನ್ನು ಹಿಂದಕ್ಕೆ ನಿಲ್ಲಿಸಿದರು. ಕೊನೆಗೆ ವಾರ್ಷಿಕೋತ್ಸವದ ಕೇಕನ್ನು ಬೇರೆ ಅಂಗಡಿಗೆ ಹೇಳಿದರು. ಕೂಟ ಸೇರಿದಂದಿನಿಂದ ಆ ಕೇಕು ಅವಳದೇ; ಹಿಂದಿನ ದಿನ ಒಲೆ ಬಿಡುವು ಮಾಡಿಕೊಂಡು, ಹಾಡು ಹೇಳಿಕೊಳ್ಳುತ್ತಾ, ಬಾವುಟದ ಗುಂಡಿಗಳನ್ನೆಲ್ಲ ಸಕ್ಕರೆಯಲ್ಲಿ ಮಾಡಿ ಅಂಟಿಸುತ್ತಿದ್ದವಳು.

ವಾರ್ಷಿಕೋತ್ಸವದ ಮಧ್ಯಾಹ್ನ ಚರ್ಚಿನ ಪಕ್ಕದ ಸಭಾಂಗಣದಲ್ಲಿ ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಬಣ್ಣದ ಕಾಗದ, ಹೂವು, ಮೇಜಿನ ಮೇಲೆ ಯಾರದೋ ಅಂಗಡಿಯ ಬೋಳು ಕೇಕು. ಬೇಕರಿಯವಳು ಬಂದು ಪರದೆಯಕ್ಕನ ಪಕ್ಕ ಕೂತಳು.

"ಮೊದಲ ಸಲ ಬರಿಗೈಲಿ ಬಂದಿದೀನಿ ಕಣೇ" ಎಂದಳು, ನಗುತ್ತಲೇ. "ಕೈ ಎಲ್ಲಿಡ್ಬೇಕು ಅಂತಾನೇ ತಿಳೀತಿಲ್ಲ. ನಾನೇನು ತಪ್ಪು ಮಾಡ್ದೆ, ನಿಂಗೇನಾದ್ರೂ ಗೊತ್ತಾ?"

ಪರದೆಯಕ್ಕನ ಸೆರಗಿನ ಗಂಟಿನಲ್ಲಿ ಹಸಿರು ಗುಂಡಿ ಇತ್ತು. ಬೆಳಿಗ್ಗೆಯಿಂದ ಎರಡು ಉಪಾಯಗಳು ತಲೆಯಲ್ಲಿ ಸುತ್ತುತ್ತಿದ್ದವು. ಗುಂಡಿ ಕಳೆದುಹೋಯಿತು ಅನ್ನುವುದು. ತಲೆ ಸುತ್ತಿದ ಹಾಗೆ ಮಾಡಿ ಮನೆಗೆ ಹೋಗುವುದು. ಎದ್ದು ಹೋಗೋಣವೆಂದರೆ ಬಾಗಿಲ ಹತ್ತಿರವೇ ಅತ್ತೆಯ ಕುರ್ಚಿ. ಸೆರಗನ್ನು ಬಿಗಿಯಾಗಿ ಹಿಡಿದು ಕೂತಳು.

ಹಾಡಾಯಿತು, ಬೈಬಲ್ ವಾಕ್ಯ ಓದಿದ್ದಾಯಿತು. ಅಧ್ಯಕ್ಷೆಯಮ್ಮ ಒಬ್ಬೊಬ್ಬರನ್ನೇ ಕರೆದರು. ಪಾಸ್ಟರಮ್ಮ ಎದ್ದು ಹೋಗಿ ಬೇಕರಿಯವಳ ಅಂಗೈಯಲ್ಲಿ ಬಿಸ್ಕತ್ತಿನ ಬಣ್ಣದ ಗುಂಡಿ ಇಟ್ಟರು. "ಕರವಸ್ತ್ರ ನೀವಾ, ಪಾಸ್ಟರಮ್ಮಾ?" ಎಂದು ಅವಳು ಅಪ್ಪಿಕೊಂಡಳು, ಅಪ್ಪಿಕೊಂಡಾಗ ನಿಜವಾಗಿ ಕಣ್ಣು ಒರೆಸಿಕೊಂಡಳು. ಆಮೇಲೆ ಬೇಕರಿಯವಳ ಸರದಿ. ಅಧ್ಯಕ್ಷೆಯಮ್ಮ ಕುರ್ಚಿಯ ತುದಿಗೆ ಬಂದರು. ಬೇಕರಿಯವಳು ಎದ್ದಳು, ಪರದೆಯಕ್ಕನ ಮುಂದಿನಿಂದಲೇ ಹಾದು ಹೋಗಿ, ನರ್ಸಮ್ಮನ ಕೈಯಲ್ಲಿ ಬಿಳಿ ಗುಂಡಿ ಇಟ್ಟಳು.

ಅಧ್ಯಕ್ಷೆಯಮ್ಮ ಹಾಗೇ ಕೂತರು. ಉಳಿದವರ ಸರದಿಗಳೂ ಮುಗಿದವು. ಎಲ್ಲರ ಕೈಯಲ್ಲೂ ಗುಂಡಿ. ಒಬ್ಬಳ ಕೈ ಮಾತ್ರ ಖಾಲಿ.

"ನಮ್ಮ ಪರದೆಯಕ್ಕನಿಗೆ ಇನ್ನೂ ಬಂದಿಲ್ಲ" ಎಂದರು ಪಾಸ್ಟರಮ್ಮ. "ಯಾರು ಕೊಡೋದು ಬಾಕಿ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಕಿ ಯಾರೂ ಇರಲಿಲ್ಲ, ಪರದೆಯಕ್ಕನೊಬ್ಬಳನ್ನು ಬಿಟ್ಟು. ಅತ್ತೆಯ ಕಣ್ಣು ಮತ್ತೆ ಬೇಕರಿಯವಳ ಕಡೆ ತಿರುಗಿತು, ಅವಳೇ ಏನೋ ಆಟ ಹೂಡಿದ್ದಾಳೆ ಎಂಬಂತೆ. ಅದನ್ನು ಕಂಡು ಪರದೆಯಕ್ಕ ಎದ್ದು ನಿಂತಳು. ಸೆರಗಿನ ಗಂಟನ್ನು ಹಲ್ಲಿನಿಂದ ಬಿಚ್ಚಿದಳು.

"ನನ್ನ ಹತ್ರಾನೇ ಇದೆ" ಎಂದಳು. "ಆವತ್ತು ಚೀಲದಲ್ಲಿ ಉಳಿದಿದ್ದು ನಂದೇ ಗುಂಡಿ. ಸರಿ ಇದೆಯಾ ಅಂತ ಅತ್ತೆ ಕೇಳಿದ್ರು. ಸರಿ ಇದೆ ಅಂದುಬಿಟ್ಟೆ."

"ಅಂದ್ರೆ ವರ್ಷವಿಡೀ ನಿಂಗೆ ನೀನೇ?" ಎಂದಳು ಬೇಕರಿಯವಳು. ನಗು ಉಕ್ಕಿ ಬಂತು, ಅರ್ಧಕ್ಕೆ ನಿಂತಿತು.

ಅತ್ತೆ ಕೇಳಿದ್ದು ಒಂದೇ ಮಾತು. "ಬೀಗ?"

"ಅದೂ ನಾನೇ ಅತ್ತೆ."

ಅಧ್ಯಕ್ಷೆಯಮ್ಮ ಸೊಸೆಯನ್ನು ನೋಡಿದರು, ಆಮೇಲೆ ಬಾವುಟ ನೋಡಿದರು. "ಸಮಯವಾಯ್ತು, ಕೊನೆಯ ಪ್ರಾರ್ಥನೆ ಮಾಡೋಣ" ಎಂದು ಕಣ್ಣು ಮುಚ್ಚಿದರು. ಕೇಕು ಕತ್ತರಿಸಿದ ಮೇಲೆ ಬೇಕರಿಯವಳ ಹತ್ತಿರ ಹೋಗಿ, ಅವಳ ತಟ್ಟೆಯನ್ನೇ ನೋಡುತ್ತಾ, "ಮುಂದಿನ ವರ್ಷದ್ದು ನೀನೇ ಮಾಡು" ಅಂದರು. "ಇದನ್ನ ತಿಂದ ಮೇಲೆ ಬೇರೆ ದಾರಿ ಇಲ್ಲ ಬಿಡಿ, ಅಧ್ಯಕ್ಷೆಯಮ್ಮಾ" ಎಂದಳು ಅವಳು. ಕ್ಷಮೆ ಕೇಳಿದ್ದೂ ಕೊಟ್ಟದ್ದೂ ಅಷ್ಟೇ. ಹೊರಡುವಾಗ ಪರದೆಯಕ್ಕನ ಕೈ ಅದುಮಿ ಹೋದಳು.

ಅತ್ತೆ ಸೊಸೆ ಸಂಜೆಯ ಬಿಸಿಲಿನಲ್ಲಿ ಮನೆಯ ಕಡೆ ನಡೆದರು. ಮಂಡಿ ನೋವಿಗೆ ಅತ್ತೆ ಎಂದಿನಂತೆ ಸೊಸೆಯ ತೋಳಿಗೆ ಭಾರ ಬಿಟ್ಟಿದ್ದರು. ಬೇಕರಿ ದಾಟಿತು, ಪರದೆ ಅಂಗಡಿ ದಾಟಿತು. ಮನೆಯ ತಿರುವಿನಲ್ಲಿ ಅತ್ತೆ ಕೇಳಿದರು, ಮೆಲ್ಲಗೆ: "ಪೆಟ್ಟಿಗೆಯಲ್ಲಿ ಏನಿಟ್ಟಿದೀಯ?"

"ಸೋಪು."

"ಸೋಪಿಗೆ ಯಾರಾದ್ರೂ ಬೀಗ ಹಾಕ್ತಾರಾ?" ಅವರು ನಂಬಲಿಲ್ಲ. ನಾಲ್ಕು ಹೆಜ್ಜೆ ನಡೆದರು. "ಎರಡು ಕೀಲಿ ಇತ್ತಲ್ಲ, ಒಂದು ನನ್ನ ಹತ್ರ ಇರಲಿ. ನಾಳೆ ನಿಂಗೆ ಏನಾದ್ರೂ ಆದ್ರೆ ಬೇಕಾಗುತ್ತೆ."

ಪರದೆಯಕ್ಕನ ನಾಲಗೆಯ ತುದಿಗೆ ಆ ಹಳೆಯ ಉತ್ತರ ಬಂದು ನಿಂತಿತು. ಅವಳು ಅದನ್ನು ನುಂಗಿಕೊಂಡಳು.

"ಇಲ್ಲ ಅತ್ತೆ" ಎಂದಳು.

ಅತ್ತೆ ನಿಂತರು. ತೋಳಿನ ಮೇಲಿನ ಕೈ ಒಂದಿಷ್ಟು ಸಡಿಲವಾಯಿತು. ಮುಂದೆ ಮೆಟ್ಟಿಲುಗಳಿದ್ದವು, ಒಬ್ಬರೇ ಹತ್ತಲು ಮಂಡಿ ಬಿಡುತ್ತಿರಲಿಲ್ಲ. ಕೈ ಮತ್ತೆ ಬಿಗಿಯಾಯಿತು. ಅದೇ ಜಾಗದಲ್ಲಿ, ಅದೇ ಭಾರ. ಪರದೆಯಕ್ಕ ಆ ಭಾರವನ್ನು ಹೊತ್ತು ಒಂದೊಂದೇ ಮೆಟ್ಟಿಲು ಹತ್ತಿದಳು. ಇನ್ನೊಂದು ಕೈಯಲ್ಲಿ ಹಸಿರು ಗುಂಡಿ ಇತ್ತು. ಬಾಗಿಲು ತೆರೆಯಲು ಅದನ್ನು ಬಾಯಲ್ಲಿ ಕಚ್ಚಿಕೊಂಡಳು.