ಅಂಗಳದ ನಡುವೆ ಕೆಂಪು ಕಾರು

ಆಗ ನನಗೆ ಅರವತ್ತೆಂಟು. ಐದು ವರ್ಷದ ಹಿಂದಿನ ಮಾತು. ಗಲ್ಫಿನಲ್ಲಿ ದುಡಿದು ಬಂದ ನನ್ನ ತಮ್ಮ ಎರ್ಮಾಳಿನ ನಮ್ಮ ಮನೆಗೆ ಒಂದು ಕೆಂಪು ಜಪಾನಿ ಕಾರು ತಂದಿದ್ದ. ಎರಡೇ ಬಾಗಿಲು. ಒಳಗೆ ಕೂರಬೇಕಾದರೆ ಮೊದಲು ಮಲಗಬೇಕು. ಎಂಜಿನ್ನಿನಲ್ಲಿ ಪಿಸ್ಟನ್ ಇಲ್ಲವಂತೆ, ಮೂರು ಮೂಲೆಯ ಒಂದು ಕಬ್ಬಿಣ ರುಬ್ಬುವ ಕಲ್ಲಿನ ಗುಂಡಿನ ಹಾಗೆ ಸುತ್ತುತ್ತದಂತೆ. ರುಬ್ಬುವ ಕಲ್ಲಿನಿಂದ ದೋಸೆ ಹಿಟ್ಟಾದರೂ ಬರುತ್ತದೆ. ಇದರಿಂದ ಬಂದದ್ದು ಹೊಗೆ.

ಪೆಟ್ರೋಲು ಸಾಲದೆ ಅದು ಆಯಿಲನ್ನೂ ಕುಡಿಯುತ್ತಿತ್ತು. ಅದು ರೋಗವಲ್ಲ, ಅದರ ಗುಣ ಎಂದು ತಮ್ಮ ಹೇಳುತ್ತಿದ್ದ. ನನ್ನ ಗಂಡನ ಕುಡಿತದ ಬಗ್ಗೆ ಅತ್ತೆಯೂ ಹಾಗೆಯೇ ಹೇಳುತ್ತಿದ್ದರು.

ಭಾನುವಾರ ತಮ್ಮ ಅದನ್ನು ಮಣಿಪಾಲಕ್ಕೆ ಒಯ್ದು ಅದೇ ಕಾರಿನ ಹುಚ್ಚು ಹಿಡಿದ ನಾಲ್ಕು ಜನರಿಗೆ ತೋರಿಸಿ ಬರುತ್ತಿದ್ದ. ಉಳಿದ ದಿನ ಅದು ನನ್ನ ಅಂಗಳದ ನಟ್ಟನಡುವೆ. ಬದಿಗೆ ನಿಲ್ಲಿಸಿದರೆ ಮೇಲೆ ತೆಂಗಿನಕಾಯಿ ಬೀಳುತ್ತದಂತೆ. ನಾನೋ ಮೀನು ಒಣಗಿಸಿ ಕಾಪು ಪೇಟೆಯಲ್ಲಿ ಮಾರುವವಳು. ಅಂಗಳ ಹೋದರೆ ವ್ಯಾಪಾರವೇ ಹೋಯಿತು.

"ಬಂಗುಡೆಗೆ ಉಪ್ಪು ಹಾಕಿ ಆಗಿದೆ. ಸೋಮವಾರ ಬಿಸಿಲು ಕಾಣದಿದ್ದರೆ ಹುಳ ಬೀಳ್ತದೆ. ಇದನ್ನು ಎಲ್ಲಿಗಾದರೂ ಸಾಗಿಸು ಮಾರಾಯ."

"ಭಾನುವಾರ ಹೋಗ್ತದೆ ಅಕ್ಕ. ಕಾರ್ಕಳದಲ್ಲಿ ನನ್ನ ದೋಸ್ತಿ ಉಂಟಲ್ಲ, ಗೇರುಬೀಜದ ಫ್ಯಾಕ್ಟರಿಯವ? ಅವನೊಟ್ಟಿಗೆ ಅದಲುಬದಲು."

"ಅವನು ಎಂತ ಕೊಡ್ತಾನೆ?"

"ನೋಡುವಿಯಂತೆ."

ಮೀನು ಹೇರಲು ವ್ಯಾನು ಬರುತ್ತದೆ ಎಂದುಕೊಂಡೆ. ನನಗೂ ಆಸೆಯೇ.

ಭಾನುವಾರ ಬೆಳಿಗ್ಗೆ ಅಂಗಳ ಗುಡಿಸಲು ಕಾರನ್ನು ಸ್ವಲ್ಪ ಸರಿಸು ಎಂದೆ. "ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಕೂಡಲೇ ಆಫ್ ಮಾಡಬಾರದು ಅಕ್ಕ. ಬಿಸಿಯಾಗುವ ತನಕ ಕಾಯಬೇಕು" ಎಂದ.

"ಎಂತ, ಬಾಣಂತಿಯಾ ಅದು? ತೆಗಿ."

ನನ್ನ ಹಿಡಿಸೂಡಿಗೆ ಹೆದರಿ ಎರಡು ಮಾರು ಸರಿಸಿ ಆಫ್ ಮಾಡಿದ.

ಮಧ್ಯಾಹ್ನ ಕಾರ್ಕಳದವನು ಜೀಪಿನಲ್ಲಿ ಬಂದ. ಹಿಂದೆ ಹಗ್ಗದಲ್ಲಿ ಕಟ್ಟಿದ ಇನ್ನೊಂದು ಕಾರು. ಅದೇ ಜಾತಿ, ಬಣ್ಣ ಮಾತ್ರ ನೀಲಿ.

"ಇದು ಓಡುವುದಿಲ್ಲವಾ?" ಎಂದು ಅವನನ್ನು ಕೇಳಿದೆ.

"ಓಡ್ತದೆ ಅಕ್ಕಾ, ಎಂಜಿನ್ ಒಂದು ಸರಿ ಆಗಬೇಕಷ್ಟೆ."

"ಹಾಗಾದರೆ ನಾನೂ ಹಾರುತ್ತೇನೆ. ರೆಕ್ಕೆ ಒಂದು ಬರಬೇಕಷ್ಟೆ."

ಮದುವೆಯಲ್ಲಿ ಹಾರ ಬದಲಿಸುವಷ್ಟು ಭಕ್ತಿಯಿಂದ ಇಬ್ಬರೂ ಬೀಗದ ಕೈ ಬದಲಿಸಿಕೊಂಡರು. ಆಮೇಲೆ ಕಾರ್ಕಳದವನು ಕೆಂಪು ಕಾರನ್ನು ಸ್ಟಾರ್ಟ್ ಮಾಡಲು ಕುಳಿತ. ಅದು ಕೆಮ್ಮಿತು, ಹೊತ್ತಲಿಲ್ಲ. ಬೆಳಿಗ್ಗೆ ಸರಿಸಿದಾಗ ಪ್ಲಗ್ಗಿಗೆ ಪೆಟ್ರೋಲು ತುಂಬಿತ್ತಂತೆ. ಕೆಮ್ಮಿಸಿ ಕೆಮ್ಮಿಸಿ ಬ್ಯಾಟರಿಯನ್ನೂ ಮುಗಿಸಿದರು. ಬೇರೆಯವರಾದರೆ ಸಿಟ್ಟಾಗುತ್ತಿದ್ದರು. ಕಾರ್ಕಳದವನು ಬಾನೆಟ್ಟು ಸವರಿ, "ನನ್ನದೂ ಹೀಗೇ ಹಠ ಮಾಡ್ತಿತ್ತು" ಎಂದು ಕಣ್ಣು ತುಂಬಿಕೊಂಡ.

"ಹಗ್ಗ ಉಂಟಲ್ಲ, ಎಳೆದುಕೊಂಡು ಹೋಗು" ಎಂದೆ.

ಹೆಣ ಎಳೆಯಲು ಹೇಳಿದ ಹಾಗೆ ಇಬ್ಬರೂ ನನ್ನನ್ನು ನೋಡಿದರು. "ಓಡುವ ಕಾರನ್ನು ಎಳೆಯುವುದಾ ಅಕ್ಕ? ಅದಕ್ಕೊಂದು ಮರ್ಯಾದೆ ಇಲ್ಲವಾ?" ಎಂದ ತಮ್ಮ.

ಹೊಸ ಪ್ಲಗ್ಗು ಉಡುಪಿಯಲ್ಲಿ ಸಿಗದು, ತರಿಸಬೇಕು, ಅಲ್ಲಿಯವರೆಗೆ ಎರಡೂ ಜೊತೆಯಲ್ಲಿರಲಿ ಎಂದು ತೀರ್ಮಾನವಾಯಿತು. ಕಾರ್ಕಳದವನು ಜೀಪು ಹತ್ತಿ ಹೋದ. ಹಗ್ಗ ಮಾತ್ರ ಮರೆಯಲಿಲ್ಲ.

ಮರುದಿನ ಬೆಳಿಗ್ಗೆ ತಮ್ಮ ಏಳುವ ಮೊದಲೇ ಎರಡೂ ಕಾರಿನ ಮೇಲೆ ಹಳೆ ಬಲೆ ಹಾಸಿ, ಕೆಂಪಿನ ಮೇಲೆ ದೊಡ್ಡ ಬಂಗುಡೆ, ನೀಲಿಯ ಮೇಲೆ ಸಣ್ಣದು ಹರಡಿ, ಕಾಗೆ ಓಡಿಸಲು ಕೋಲು ಹಿಡಿದು ಕುಳಿತೆ.