ದಂಡೆಯ ದಾರಿ ಕೇಳದೇ ಹೋದ ದಿನ

ರಾಣೆಬೆನ್ನೂರಿನ ಸಂತೆಯಲ್ಲಿ ಒಣಮೀನಿನ ವಾಸನೆ ಬಂದರೆ ನಮ್ಮವರು ಮೂಗು ಮುಚ್ಚಿಕೊಂಡು ದಾಟುತ್ತಾರೆ. ನಾನು ತಲೆ ತಗ್ಗಿಸಿಕೊಂಡು ದಾಟುತ್ತೇನೆ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು.

ತೊಂಬತ್ತರ ದಶಕದ ಆರಂಭದ ಮಾತು. ಆಗ ಬ್ಯಾಡಗಿಯಲ್ಲಿ ನನ್ನ ಮೆಣಸಿನಕಾಯಿ ಅಂಗಡಿ. ಖಾಲಿ ಚೀಲ ಝಾಡಿಸುತ್ತ ಮೇಲೆ ಬಂದವನು ನಾನು. ಬೇಕಾದ ರಾಶಿಯತ್ತ ಕಣ್ಣೆತ್ತಿಯೂ ನೋಡದೆ, ಬೇಡದ ರಾಶಿಗೆ ಚೌಕಾಶಿ ಮಾಡುತ್ತ ನಿಲ್ಲುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ನೀವೂ ವ್ಯಾಪಾರಕ್ಕೆ ಇಳಿಯುವುದಾದರೆ ಕಲಿತಿಟ್ಟುಕೊಳ್ಳಿ, ಬಜಾರಿನಲ್ಲಿ ಉಪಯೋಗಕ್ಕೆ ಬರುತ್ತದೆ. ಬಜಾರಿನಲ್ಲಿ ಮಾತ್ರ.

ಅಂಕೋಲೆಯ ಕಡೆಯ ಮೀನುಗಾರರ ದೇವಮ್ಮ ಪ್ರತಿ ವರ್ಷ ತನ್ನ ಕೇರಿಗೆಲ್ಲ ಸಾಲುವಷ್ಟು ಮೆಣಸಿನಕಾಯಿ ಒಯ್ಯುತ್ತಿದ್ದಳು. ಆ ವರ್ಷ ಅವರ ಸಮುದ್ರದಲ್ಲಿ ಎಣ್ಣೆ ಹುಡುಕುವ ಕೆಲಸ ಶುರುವಾಗಿ, ದೋಣಿ ಇಳಿಸುವ ದಂಡೆಗೆ ತಂತಿಬೇಲಿ ಬಿದ್ದಿತ್ತು. ಪರಿಹಾರ ನಿರ್ಧರಿಸುವ ಸಾಹೇಬರು ಕಾರವಾರಕ್ಕೆ ಹೋಗುತ್ತ ಹಾವೇರಿಯ ಪ್ರವಾಸಿ ಮಂದಿರದಲ್ಲಿ ಇಳಿದಿದ್ದಾರೆಂದು ತಿಳಿದು, ನಾನೇ ಮುಂದಾಗಿ ಅವಳನ್ನು ಕರೆದೊಯ್ದೆ.

“ನಮ್ಗೆ ಬೇರೆ ಎಂತದೂ ಬ್ಯಾಡ ಸಾವ್ಕಾರ್ರೆ. ದೋಣಿ ಇಳ್ಸೂಕೆ ಬೇಲಿಲಿ ಒಂದು ದಾರಿ ಬಿಟ್ರೆ ಸಾಕು,” ಅಂದಳು ಬಸ್ಸಿನಲ್ಲಿ.

“ಅದನ್ನ ಮೊದಲ ಬಾಯಿ ಬಿಡಬ್ಯಾಡ ಯಕ್ಕಾ. ದೂರ ಎಲ್ಲೆರ ಮನಿ ಜಾಗಾ ಕೇಳೂಣು. ಆಗಂಗಿಲ್ಲ ಅಂತಾರ. ಹೋಗ್ಲಿ ಬಿಡ್ರಿ, ದಾರಿನರ ಕೊಡ್ರಿ ಅನ್ನೂಣು. ನೀ ಸುಮ್ಮನ ಕುಂದ್ರು, ನಾ ಮಾತಾಡ್ತೇನಿ.”

ಮಾತಾಡಿದೆ. ಸಾಹೇಬರು ಚಹಾದ ಕಪ್ಪು ಕೆಳಗಿಟ್ಟು ನಕ್ಕರು. “ದಂಡೆ ಬಿಟ್ಟು ಹೋಗ್ತೀವಿ ಅಂತ ನೀವೇ ಹೇಳ್ತಿದ್ದೀರಿ! ಆಯ್ತು, ಜಾಗ ಮಂಜೂರು ಮಾಡಿಸ್ತೀನಿ. ಬೇಲಿ ತಕರಾರೂ ಮುಗೀತು.”

ದೇವಮ್ಮ ನನ್ನ ಮುಖ ನೋಡಿದಳು. ಕೇಳಿದ್ದಕ್ಕೆ ಎದುರಿನವನು ಒಪ್ಪಿದ ಮೇಲೆ ಮಾತು ತಿರುಗಿಸಿದವನಿಗೆ ನಮ್ಮ ಬಜಾರಿನಲ್ಲಿ ಮರ್ಯಾದೆಯಿಲ್ಲ. ಕೈಮುಗಿದು ಎದ್ದೆ. ನಾನು ಎದ್ದೆನೆಂದು ಅವಳೂ ಎದ್ದಳು.

ಮರುವರ್ಷ ಅವಳು ಒಯ್ದದ್ದು ಒಂದು ಕೈಚೀಲ ಮೆಣಸಿನಕಾಯಿ.

“ಇಷ್ಟ ಸಾಕೇನ ಯಕ್ಕಾ?”

“ಮೀನೇ ಇಲ್ಲ, ಖಾರ ಎಂತಕ್ಕೆ ಸಾವ್ಕಾರ್ರೆ? ಮನೆ ಚಲೋ ಅದೆ. ಸಮುದ್ರದ ಸದ್ದಿಲ್ದೆ ನಮ್ಮ ಮನೆಯವ್ರಿಗೆ ನಿದ್ದೆ ಬರೂದಿಲ್ಲ, ಅಷ್ಟೇಯ.”

ಬೈಯಲಿಲ್ಲ. ಬೈದಿದ್ದರೆ ವಾದ ಹೂಡಿ ಗೆಲ್ಲುತ್ತಿದ್ದೆನೇನೋ. ಮತ್ತೆ ಅವಳು ಬ್ಯಾಡಗಿಗೆ ಬರಲಿಲ್ಲ.

ಇವತ್ತು ಸಂತೆಯಲ್ಲಿ ನೇರ ಹೋಗಿ ಬದನೆಕಾಯಿ ಬೇಕು ಅಂದೆ, ಹೇಳಿದ ದರ ಕೊಟ್ಟೆ. ನನ್ನ ಚೌಕಾಶಿ ಬಲ್ಲ ಕಾಯಿಪಲ್ಲೆ ಮಾರುವವಳಿಗೆ ಗಾಬರಿ. “ಯಾಕ್ರೀ ಯಜಮಾನ್ರ, ಮೈಯಾಗ ಆರಾಮ ಇಲ್ಲೇನ್ರಿ?” ಅಂದಳು. ಸುತ್ತಲಿನವರು ನಕ್ಕರು. ನಗಲಿ ಎಂದು ಚೀಲ ಹಿಡಿದುಕೊಂಡು ನಿಂತೆ.